ಯುದ್ಧ ಮುಗಿದ ವಾರದ ಸಂಚಿಕೆ

ಕನ್ನಡಕದಂಗಡಿಯವನ ಮನೆಯಲ್ಲಿ ಯುದ್ಧ ಇನ್ನೂ ಮುಗಿದಿರಲಿಲ್ಲ. ಯುದ್ಧಕಾಲದ ಸುದ್ದಿ ವಾರಪತ್ರಿಕೆಯ ಸಂಚಿಕೆಗಳೆಲ್ಲ ಅವನ ಕಪಾಟಿನಲ್ಲಿದ್ದವು. ಕದನವಿರಾಮದ ವಾರದ್ದೊಂದು ಮಾತ್ರ ಇರಲಿಲ್ಲ. ಅದಿದ್ದದ್ದು ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರ ಟ್ರಂಕಿನಲ್ಲಿ. ಹೆಂಡತಿ ಹೋದಮೇಲೆ ಅವನಿಗೆ ಮಾತಿಗೆ ಸಿಗುತ್ತಿದ್ದ ಜೀವವೆಂದರೆ ಅವರೊಬ್ಬರೇ. ಪ್ರತಿ ಭಾನುವಾರ ಹೋಗುತ್ತಿದ್ದ. ಮುದುಕರಿಗೆ ಒಂದು ಪೊರಕೆಗೂ ಗತಿಯಿಲ್ಲವೇ ಎಂದು ಒಳಗೊಳಗೇ ಗೊಣಗುತ್ತ, ಅತಿಥಿಗಳ ಕುರ್ಚಿಯ ಧೂಳನ್ನು ಕರವಸ್ತ್ರದಿಂದ ಒರೆಸಿ ಕೂರುತ್ತಿದ್ದ. ಕೇಳಿ ತೆಗೆಸಿ, ಆ ಸಂಚಿಕೆಯನ್ನು ಕಣ್ತುಂಬ ನೋಡಿ ಬರುತ್ತಿದ್ದ.

ಮುದುಕರು ಕೊಡುವ ಪೈಕಿಯಲ್ಲ. "ನಿನ್ನೆ ಮ್ಯೂಸಿಯಮ್ಮಿನವರು ಬಂದಿದ್ರು ಕಣ್ರೀ, ಬಿಡಲೇ ಇಲ್ಲ" ಎನ್ನುವರು. ಇನ್ನೊಂದು ವಾರ ಪ್ರೊಫೆಸರು, ಮತ್ತೊಂದು ವಾರ ಯಾರೋ ವಕೀಲರು. ಕೊನೆಗೊಂದು ದಿನ, "ವಕೀಲರಿಗೇ ಕೊಟ್ಟುಬಿಡೋಣ ಅಂತಿದೀನಿ" ಎಂದರು. ಅವನ ಹೊಟ್ಟೆ ಉರಿದುಹೋಯಿತು. ಇಷ್ಟು ವರ್ಷ ಚಪ್ಪಲಿ ಸವೆಸಿದ್ದು ಹತ್ತರೊಡನೆ ಹನ್ನೊಂದನೆಯವನಾಗುವುದಕ್ಕೇ?

ಆದರೆ ಆ ಹತ್ತು ಮಂದಿಯೇ ತನಗೆ ಮರೆ ಎಂದು ಬೇಗನೆ ಹೊಳೆಯಿತು. ಸಂತೆಯಂಥ ಮನೆ; ಕಳ್ಳನನ್ನು ಯಾರಲ್ಲಂತ ಹುಡುಕುತ್ತಾರೆ? ಟ್ರಂಕಿಗೆ ಬೀಗವಿಲ್ಲ. ಚಹಾಕ್ಕಿಟ್ಟರೆ ಹಾಲು ಉಕ್ಕುವ ತನಕ ಮುದುಕರು ಒಲೆ ಬಿಟ್ಟು ಬರುವುದಿಲ್ಲ. ಮುಂದಿನ ಭಾನುವಾರ ಅಷ್ಟರಲ್ಲೇ ಸಂಚಿಕೆ ಅವನ ಅಂಗಿಯೊಳಗೆ ಹೋಯಿತು, ಅದಿದ್ದ ಕಂದು ಲಕೋಟೆಗೆ ಅವನು ತಂದಿದ್ದ ಅಷ್ಟೇ ದಪ್ಪದ ಹಳೇ ಪತ್ರಿಕೆಯೊಂದು ಸೇರಿತು. ಇನ್ನು ನಾಲ್ಕಾರು ವಾರ ತಾನು ತೋರಿಸಿ ಎನ್ನಬಾರದು. ಅಷ್ಟರೊಳಗೆ ಎಷ್ಟೋ ಜನ ಬಂದುಹೋಗಿರುತ್ತಾರೆ.

ಮನೆಗೆ ಬಂದು ಸಂಚಿಕೆಯನ್ನು ಅದರ ಜಾಗದಲ್ಲಿಟ್ಟ. ಕಪಾಟು ತುಂಬಿತು. ಆದರೆ ಅದನ್ನು ನೋಡಿ ಮೆಚ್ಚುವ ಒಬ್ಬನೇ ಒಬ್ಬ ಮನುಷ್ಯನಿಗೆ ತೋರಿಸುವಂತಿರಲಿಲ್ಲ. ಖುಷಿ ಸಂಜೆಗೇ ಸಪ್ಪೆಯಾಯಿತು.

ತಿಂಗಳು ಕಳೆದರೂ ಯಾರಿಗೂ ಗೊತ್ತಾಗಲಿಲ್ಲ. ತನ್ನ ಕೈಚಳಕವೆಂದರೆ ಹಾಗೆ ಎಂದು ಬೀಗಿದ. ಕೊನೆಗೆ ತಾನೇ, "ಸಾರ್, ಆ ಸಂಚಿಕೆ ಒಂದ್ಸಲ ತೆಗೀರಿ" ಎಂದ. ಲಕೋಟೆ ಬಿಚ್ಚಿದ ಮುದುಕರು ಕುಸಿದು ಕುಳಿತರು. ಅವರ ಬೆನ್ನು ಸವರುತ್ತ, "ಸುಮ್ನಿರಬೇಡಿ ಸಾರ್, ಕಂಪ್ಲೇಂಟ್ ಕೊಡಿ" ಎಂದು ಅವನೇ ಒತ್ತಾಯಿಸಿದ.

ಮುಂದಿನ ಭಾನುವಾರ ಅವನು ಹೋದಾಗ ಇನ್‌ಸ್ಪೆಕ್ಟರ್ ಹೆಂಗಸೊಬ್ಬಳು ಬಂದಿದ್ದಳು. "ಇಲ್ಲಿಗೆ ಯಾರ್ಯಾರು ಬರ್ತಿದ್ರು, ಒಬ್ಬೊಬ್ಬರ ಹೆಸರೂ ಹೇಳಿ" ಎಂದಳು. ಮುದುಕರು ತಲೆ ತಗ್ಗಿಸಿದರು. "ಮ್ಯೂಸಿಯಮ್ಮಿನವರೂ ಇಲ್ಲ, ವಕೀಲರೂ ಇಲ್ಲಮ್ಮ. ಎಲ್ಲ ನಾನೇ ಕಟ್ಟಿ ಹೇಳ್ತಿದ್ದೆ. ಯಾರೂ ಬರದ ಮನೆ ಅಂತ ಹೇಳ್ಕೊಳ್ಳೋಕೆ ನಾಚಿಕೆ. ಸಂಚಿಕೆ ಇವರಿಗೇ ಅಂತ ಎತ್ತಿಟ್ಟಿದ್ದೆ. ಈಗಲೇ ಕೊಟ್ರೆ ಇವರೂ ಬರೋದು ನಿಲ್ಲಿಸ್ತಾರೇನೋ ಅಂತ ಭಯ. ವರ್ಷಗಳಿಂದ ಈ ಹೊಸ್ತಿಲು ದಾಟಿರೋರು ಇವರೊಬ್ಬರೇ." ಇನ್‌ಸ್ಪೆಕ್ಟರ್ ನಿಧಾನವಾಗಿ ಅವನತ್ತ ತಿರುಗಿದಳು. ಅವನು ಎಂದಿನಂತೆ ಬಗ್ಗಿ ಅತಿಥಿಗಳ ಕುರ್ಚಿ ಒರೆಸುತ್ತಿದ್ದ. ಕರವಸ್ತ್ರಕ್ಕೆ, ಪ್ರತಿ ಸಲದಂತೆ, ಪೂರ್ತಿ ಒಂದು ವಾರದ ಧೂಳು ಮೆತ್ತಿತ್ತು.