ನಿಕಿಫೊರೊಸನ ಕೊನೆಯ ಮಾತು

ಬಹಿಯಾ ಕಿರುಚಿದಾಗ ನಾನೂ ಲಬೀಬಾ ಹಾನಿಂ ಅವರೂ ನಮ್ಮ ಕಟ್ಟಡದ ಕೆಳಗಿನ ಮಿತ್ವಲ್ಲಿಯ ಕಾಫಿ ಅಂಗಡಿಯಲ್ಲಿ ಕುಳಿತಿದ್ದೆವು. ಸದಾ ಹಾಡುತ್ತಿದ್ದ ಗ್ರಾಮಫೋನಿನ ಮೇಲೆ ಅಂದು ಬಟ್ಟೆ ಹೊದಿಸಿತ್ತು. ನನ್ನ ಕಾಫಿಯಲ್ಲಿ ಸಕ್ಕರೆಯೇ ಇರಲಿಲ್ಲ. ನನಗೆ ಪಾನಕದಂಥ ಕಾಫಿ ಬೇಕೆಂದು ಇಡೀ ಅಲೆಕ್ಸಾಂಡ್ರಿಯಾಕ್ಕೆ ಗೊತ್ತು. ಮಿತ್ವಲ್ಲಿಯನ್ನು ಬೈಯಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಆ ಕಿರುಚಾಟ.

ಎಲ್ಲರೂ ಮೇಲೆ ಓಡಿದೆವು. ಕಟ್ಟಡದ ಮಾಲೀಕ, ಗ್ರೀಕ್ ಮುದುಕ ನಿಕಿಫೊರೊಸ್, ತಲೆ ಒಡೆದು ನೆಲದ ಮೇಲೆ ಬಿದ್ದಿದ್ದ. ಮನೆಗೆಲಸದ ಬಹಿಯಾ ಆ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕೈಯೆಲ್ಲ ರಕ್ತ. ಔಷಧಿ ಅಂಗಡಿಯವನಾದರೂ ಬೀದಿಯವರ ಬಾಯಲ್ಲಿ ‘ಡಾಕ್ಟ್ರು’ ಆಗಿದ್ದ ನಾನು ನಾಡಿ ಹಿಡಿದೆ. ಕ್ಷೀಣವಾಗಿ ಬಡಿಯುತ್ತಿತ್ತು.

“ಯಾರು ಹೊಡೆದಿದ್ದು? ಬಹಿಯಾನಾ?” ಎಂದು ಅವನನ್ನೇ ಕೇಳಿದೆ.

“ನೆ,” ಎಂದ. ಅಷ್ಟಕ್ಕೇ ಪ್ರಾಣ ಹೋಯಿತು.

“ಗ್ರೀಕರಲ್ಲಿ ಹಾಗಂದ್ರೆ ಹೌದು ಅಂತ. ಇನ್ನೇನು ಬೇಕು?” ಎಂದು, ಸ್ವಲ್ಪ ಹೊತ್ತಿಗೆ ಬಂದು ಇದನ್ನೆಲ್ಲ ಕೇಳಿದ ಇನ್‌ಸ್ಪೆಕ್ಟರ್ ಅವಳಿಗೆ ಬೇಡಿ ತೊಡಿಸಿದ.

ಮೂರನೇ ಮಹಡಿಯ ದರ್ಜಿ ನಜ್ಮಿ ತಡೆದ. “ನಮ್ಮ ತುರ್ಕಿಯಲ್ಲಿ ಅದು ‘ಏನು’ ಅಂತ ಸ್ವಾಮಿ. ಮುದುಕನಿಗೆ ಕಿವಿ ಮಂದ, ಕೇಳಿಸಿರಲಿಕ್ಕಿಲ್ಲ.”

“ನಮ್ಮಲ್ಲಿ ‘ಅಲ್ಲ’ ಅಂತ. ಬಿಡ್ರೀ ಅವಳನ್ನ!” ಎಂದು ಸರ್ಬಿಯಾದ ನಾವಿಕ ಬೊಗ್ದಾನ್ ಕೂಗಾಡಿದ.

ಸತ್ತವನಿಗೆ ಈ ಮೂರೂ ಭಾಷೆ ಬರುತ್ತಿದ್ದವು.

“ಒಂದೇ ಒಂದು ಮಾತಿಗೆ ನೇಣು ಹಾಕ್ತೀರಾ ಸಾಹೇಬ್ರೇ? ನನ್ನ ಮಕ್ಕಳ ಗತಿ ಏನು?” ಎಂದು ಬಹಿಯಾ ಅತ್ತಳು. ‘ಬಹಿಯಾನಾ’ ಎಂದು ಮುದುಕನನ್ನು ಕೇಳಿದವನು ನಾನೇ.

ಹಾನಿಂ ಎಂದರೆ ಅಮ್ಮಾವ್ರು; ಲಬೀಬಾ ಅವರನ್ನು ಇಡೀ ಬೀದಿ ಹಾಗೇ ಕರೆಯುತ್ತಿತ್ತು. ಕೋರ್ಟಿನಲ್ಲಿ ದುಭಾಷಿಯಾಗಿ ಮುದುಕಿಯಾದವರು ಅವರು. ನಮ್ಮ ಬೀದಿಯ ಎಷ್ಟೋ ಕಗ್ಗಂಟುಗಳನ್ನು ಬಿಡಿಸಿದ್ದರು. ಮಧ್ಯಾಹ್ನ ಎಲ್ಲರನ್ನೂ ಕಾಫಿ ಅಂಗಡಿಗೆ ಕರೆಸಿದರು.

“ಆ ಮಾತು ಯಾವ ಭಾಷೆಯದು ಅಂತ ಸತ್ತವನೊಬ್ಬನಿಗೇ ಗೊತ್ತು. ಅದರಿಂದ ಯಾರನ್ನೂ ಕೊಲ್ಲೋಕೂ ಆಗಲ್ಲ, ಉಳಿಸೋಕೂ ಆಗಲ್ಲ. ಪಕ್ಕಕ್ಕಿಡಿ,” ಎಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿದರು. “ಮಿತ್ವಲ್ಲಿ, ಬಹಿಯಾ ಕಿರುಚೋಕೆ ಮುಂಚೇನೇ ನಮಗೆ ಕಹಿ ಕಾಫಿ ಕೊಟ್ಟೆಯಲ್ಲ, ಯಾಕೆ?”

“ಸಕ್ಕರೆ ಮರೆತೆ, ಹಾನಿಂ.”

“ಗ್ರಾಮಫೋನಿಗೆ ಬಟ್ಟೆ ಹೊದಿಸಿದ್ದೂ ಮರೆತೇನಾ? ಹಾಡಿಲ್ಲ, ಸಕ್ಕರೆಯಿಲ್ಲ. ನಾವು ಹಾಗೆ ಮಾಡೋದು ಸಾವಾದಾಗ ಮಾತ್ರ. ಮೇಲೊಬ್ಬ ಬಿದ್ದಿದಾನೆ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.”

ಮಿತ್ವಲ್ಲಿ ಮುಖ ಮುಚ್ಚಿಕೊಂಡ. “ಅಂಗಡಿ ಖಾಲಿ ಮಾಡು ಅಂದ. ಇದು ನಮ್ಮಪ್ಪನ ಕಾಲದ ಅಂಗಡಿ! ಕೈಗೆ ಸಿಕ್ಕಿದ ಹಿತ್ತಾಳೆ ದೀಪದಲ್ಲಿ ಹೊಡೆದುಬಿಟ್ಟೆ. ಆದ್ರೆ ಅವನು ನನ್ನ ಗೆಳೆಯ, ಹಾನಿಂ. ಕೆಳಗೆ ಬಂದ ಮೇಲೆ ಸಕ್ಕರೆ ಹಾಕೋಕೆ ಕೈಯೇ ಏಳಲಿಲ್ಲ.”

ಇನ್‌ಸ್ಪೆಕ್ಟರ್ ಬಹಿಯಾಳ ಬೇಡಿ ಬಿಚ್ಚಿದ. ಅವಳು ಹೋಗಲಿಲ್ಲ. ಮಿತ್ವಲ್ಲಿಯ ಮುಂದೆ ಬಂದು ನಿಂತಳು.

“ಆಗ ಅವರು ಸತ್ತಿರಲಿಲ್ಲ, ಯಜಮಾನ್ರೇ. ಡಾಕ್ಟ್ರು ನಿಮ್ಮೆದುರೇ ಕೂತಿದ್ರು. ಕಾಫಿ ಕೊಡೋ ಬದಲು ಒಂದು ಮಾತು ಹೇಳಬಾರದಿತ್ತಾ?”

ಮಿತ್ವಲ್ಲಿ ನನ್ನ ಮುಖ ನೋಡಿದ. “ಹೇಳಿದ್ರೆ ಉಳೀತಿದ್ನಾ, ಡಾಕ್ಟ್ರೇ?”

ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. ಉಳಿಯುತ್ತಿದ್ದ ಎಂದೆ.