ಒಂದು ಮಗ್ಗಲಿಗೆ ಎಂಟು ರೊಟ್ಟಿ

ಮಂಗಳವಾರ ಸಂಜೆ ಆರಕ್ಕೆ ತೌಹೀದ ಸೂಗಪ್ಪನವರ ಮನೆಯ ಬಾಗಿಲು ತಟ್ಟಿದ. ಉತ್ತರವಿಲ್ಲ. ಒಳಗಿನಿಂದ ಚಿಲಕ ಹಾಕಿರಲಿಲ್ಲ. ತಳ್ಳಿ ಕಾಲಿಟ್ಟ.

ಪಡಸಾಲೆಯಲ್ಲಿ ರೆಕಾರ್ಡ್ ಪ್ಲೇಯರ್ ಸುತ್ತುತ್ತಿತ್ತು. ಸಂಗೀತವಿರಲಿಲ್ಲ. ಹಾಡು ಮುಗಿದ ತಟ್ಟೆಯ ನಡುವೆ ಮುಳ್ಳು ಟಕ್, ಟಕ್ ಎಂದು ಬಡಿಯುತ್ತಿತ್ತು. ಅದರ ಮುಂದೆ ಸೂಗಪ್ಪ ಬೋರಲು ಬಿದ್ದಿದ್ದರು. ತಲೆಯ ಹಿಂಬದಿ ಒಡೆದಿತ್ತು. ಪಕ್ಕದಲ್ಲಿ ಕಬ್ಬಿಣದ ಇಸ್ತ್ರಿ ಪೆಟ್ಟಿಗೆ.

ತೌಹೀದ ಫೋನು ತೆಗೆದ. ಅವನ ಫೋನಿನಲ್ಲಿ ಆ ಮನೆಯ ನೆಂಟರ ನಂಬರ್ ಇದ್ದದ್ದು ಒಂದೇ. ಸೂಗಪ್ಪನವರ ಹೆಂಡತಿಯ ಅಕ್ಕನ ಮಗ ಶರಣಕುಮಾರನದು. ಅವನಿಗೇ ಫೋನ್ ಹಚ್ಚಿದ.

ಶರಣಕುಮಾರನ ಮೊಬೈಲ್ ಅಂಗಡಿ ಶಹಾಪುರದ ಬಸ್ ನಿಲ್ದಾಣದ ಎದುರಿಗಿತ್ತು. ಹತ್ತು ನಿಮಿಷದಲ್ಲಿ ಬೈಕ್ ಹತ್ತಿ ಬಂದ. ಒಳಗೆ ಇಣುಕಿದ. ತೌಹೀದನ ಹೆಗಲು ಹಿಡಿದು ಅಂಗಳಕ್ಕೆ ನೂಕಿದ.

"ನೀ ಹೊರಗ ನಿಂದ್ರು. ಪೊಲೀಸರಿಗೆ ಫೋನ್ ಮಾಡು."

ತೌಹೀದ ಮಾಡಿದ. ಪಿಎಸ್ಐ ಸೌಭಾಗ್ಯ ಜೀಪು ಇಳಿಯುವಷ್ಟರಲ್ಲಿ ಓಣಿಯ ಮಂದಿ ಅವನನ್ನು ಲೈಟಿನ ಕಂಬಕ್ಕೆ ಟವೆಲ್ಲಿನಿಂದ ಕಟ್ಟಿದ್ದರು. ಅವನ ತುಟಿ ಹರಿದಿತ್ತು.

* * *

ಸೂಗಪ್ಪ ಮೂವತ್ತು ವರ್ಷ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದವರು. ವಾಡಿಯಿಂದ ಗುಂತಕಲ್‌ವರೆಗೆ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹೋಗುತ್ತಿದ್ದರು. ಒಮ್ಮೆ ಸಿಕಂದರಾಬಾದಿನ ಗುಜರಿಯಲ್ಲಿ ಒಂದು ರೆಕಾರ್ಡ್ ಕೊಂಡರು. ಹಾಡುವವರಿಲ್ಲ. ಬರೀ ಟ್ರಂಪೆಟ್, ಡ್ರಮ್, ಪಿಯಾನೊ. ಅದಕ್ಕೆ ಜಾಜ್ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅಲ್ಲಿಂದ ಹುಚ್ಚು ಹತ್ತಿತು. ನಿವೃತ್ತರಾಗಿ ಶಹಾಪುರಕ್ಕೆ ಬರುವಾಗ ನಾನೂರ ಅರವತ್ತು ರೆಕಾರ್ಡುಗಳಿದ್ದವು. ಪ್ರತಿಯೊಂದರ ನಡುವಿನ ಚೀಟಿಯ ಮೇಲೂ ಅವರ ಕೈಬರಹದ ನಂಬರ್.

ಆ ಸಂಗೀತ ಕೇಳಲು ಅವರ ಜೊತೆ ಕೂಡುತ್ತಿದ್ದವನು ಇಡೀ ಊರಲ್ಲಿ ಒಬ್ಬನೇ, ಮಿಕ್ಸರ್ ರಿಪೇರಿಯ ತೌಹೀದ. ಪ್ರತಿ ಮಂಗಳವಾರ ಸಂಜೆ ಆರಕ್ಕೆ ಬರುತ್ತಿದ್ದ.

ಆ ಮಂಗಳವಾರ ಸೂಗಪ್ಪನವರ ಹೆಂಡತಿ ಸುಂದ್ರಮ್ಮ ಬೆಳಿಗ್ಗೆಯೇ ಸಗರಕ್ಕೆ, ಅಕ್ಕ ಬಸ್ಸಮ್ಮನ ಮನೆಗೆ ಹೋಗಿದ್ದರು.

ಎದುರು ಮನೆಯ ಹಜರಾಬೀ ಸೌಭಾಗ್ಯಳಿಗೆ ಹೇಳಿದರು: "ನಾಕಕ್ಕ ನಳ ಬಂತರಿ. ನಾ ನೀರು ಹಿಡೀಲಾಕ ಹೊರಗ ಬಂದಾಗ ಇವರ ಮನ್ಯಾಗ ಬಾಜಾ ನಡದಿತ್ತು. ಐದೂವರಿ ಮ್ಯಾಲ ಬಂದ್ ಆತು. ಆಮ್ಯಾಲ ತೌಹೀದ ಒಬ್ಬನೇ ಒಳಗ ಹೋದ."

ಶರಣಕುಮಾರ ಗೋಡೆಗೆ ಒರಗಿ ಅಳುತ್ತಿದ್ದ. "ರೆಕಾರ್ಡಿನ ಮ್ಯಾಲ ಅವನ ಕಣ್ಣಿತ್ರಿ ಮೇಡಂ. ಹಿಂದಿನ ಸಾಲು ನೋಡ್ರಿ. ಬರೇ ಕವರ್ ಅವ, ಒಳಗ ತಟ್ಟಿ ಇಲ್ಲ."

"ನಿಮಗ ಹ್ಯಾಂಗ ಗೊತ್ತು?"

"ಕಾಕಾನೇ ಹೇಳಿದ್ರು. ನಾ ಅಂತೂ ಒಂದೂ ಮುಟ್ಟಿಲ್ಲರಿ. ಅವರು ಮುಟ್ಟಗೊಡ್ತಿದ್ದಿಲ್ಲ."

ನಾಲ್ಕರಿಂದ ಆರರವರೆಗೆ ಶರಣಕುಮಾರ ಅಂಗಡಿಯಲ್ಲೇ ಇದ್ದ. ಅಂಗಡಿಯ ಕ್ಯಾಮೆರಾದಲ್ಲಿ ಅದು ಸ್ಪಷ್ಟವಾಗಿತ್ತು. ಸತ್ತದ್ದು ಮೂರರಿಂದ ಆರರ ನಡುವೆ ಎಂದರು ವೈದ್ಯರು. ಐದೂವರೆಯವರೆಗೆ ಸಂಗೀತ ನಡೆಯಲು ಸೂಗಪ್ಪ ಬದುಕಿರಬೇಕು. ಆಮೇಲೆ ಒಳಗೆ ಹೋದವನು ತೌಹೀದ.

ಸೌಭಾಗ್ಯ ಬಂಧನದ ಕಾಗದಕ್ಕೆ ಸಹಿ ಹಾಕಿದಳು.

* * *

ಬುಧವಾರ ಬೆಳಿಗ್ಗೆ ತೌಹೀದನ ಅಂಗಡಿಯಲ್ಲಿ ಸೂಗಪ್ಪನವರ ಹನ್ನೊಂದು ರೆಕಾರ್ಡುಗಳು ಸಿಕ್ಕವು. ಪೇದೆಗಳಿಗೆ ಕೇಸ್ ಮುಗಿದಂತೆ ಅನ್ನಿಸಿತು. ಸಂಜೆ ಆರರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಿತ್ತು.

ಠಾಣೆಯ ಗೇಟಿನಲ್ಲಿ ಅವನ ಹೆಂಡತಿ ಅರ್ಜುಮಂದ ಬೆಳಗಿನಿಂದ ನಿಂತಿದ್ದಳು. ಏಳು ತಿಂಗಳ ಬಸುರಿ. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಓಣ್ಯಾಗ ನೀರು ಹಿಡೀಲಾಕ ಬಿಡವಲ್ಲರು ಮೇಡಂರಿ," ಎಂದಳು. "ಮನಿ ಖಾಲಿ ಮಾಡು ಅಂತ ಮಾಲಕ ಬಂದು ಹೇಳಿ ಹೋದ. ನಾ ಎಲ್ಲಿ ಹೋಗ್ಲಿ?"

ಸೌಭಾಗ್ಯ ಒಳಗೆ ಹೋದಳು. ತೌಹೀದ ಸೆಲ್ಲಿನ ಮೂಲೆಯಲ್ಲಿ ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದ.

"ಹನ್ನೊಂದು ರೆಕಾರ್ಡ್ ನಿನ್ನ ಹತ್ರ ಹ್ಯಾಂಗ ಬಂದ್ವು?"

"ಕೇಳಾಕ ಅವರೇ ಕೊಟ್ಟಾರರಿ. ಎಷ್ಟು ಸಲ ಹೇಳ್ಲಿ?" ಅವನು ತಲೆ ಎತ್ತಿದ. "ನಾ ಹೋದಾಗ ರಕ್ತ ಕರ್ರಗ ಗಟ್ಟಿ ಆಗಿತ್ತು. ಆಗಿಂದಾಗ ಹೊಡೆದಿದ್ರ ಹಂಗ ಇರ್ತದೇನ್ರಿ? ನೀವು ನಂಬಂಗಿಲ್ಲ. ಯಾರೂ ನಂಬಂಗಿಲ್ಲ. ಬರಕೊಂಡು ಬಿಡ್ರಿ. ನನ್ನ ಹೆಂಡ್ತಿಗಿ ಆಕಿ ತವರಿಗಿ ಮುಟ್ಟಿಸ್ರಿ, ಸಾಕು."

ಸೌಭಾಗ್ಯ ಕಂಬಿ ಹಿಡಿದು ನಿಂತಳು. ಒಣಗಿದ ರಕ್ತದ ಮಾತು ಅವಳ ತಲೆಯಲ್ಲಿ ಕೂತಿತು. ಅವಳು ಹೋದಾಗ ಆರೂಮುಕ್ಕಾಲು. ಆಗಲೂ ರಕ್ತ ಗಟ್ಟಿಯಾಗಿತ್ತು. ನೋಡಿಯೂ ಅವಳು ಅದರ ಬಗ್ಗೆ ಯೋಚಿಸಿರಲಿಲ್ಲ.

ಬೆರಳಚ್ಚಿನವರು ಯಾದಗಿರಿಯಿಂದ ಬಂದಿದ್ದರು. ಪ್ಲೇಯರ್ ಮೇಲಿದ್ದ ರೆಕಾರ್ಡನ್ನು ಒಯ್ಯಲು ಹೇಳಿದಳು. ಮನೆಯೊಳಗೆ ಕಾಲಿಟ್ಟ ಎಲ್ಲರ ಬೆರಳಚ್ಚನ್ನೂ ತೆಗೆಸಿದಳು. ಶರಣಕುಮಾರನದೂ ಅದರಲ್ಲಿತ್ತು.

* * *

ಸುಂದ್ರಮ್ಮ ಅಡುಗೆಮನೆಯ ನೆಲದ ಮೇಲೆ ಕೂತಿದ್ದರು. ಹೆಣ ಇನ್ನೂ ಆಸ್ಪತ್ರೆಯಿಂದ ಬಂದಿರಲಿಲ್ಲ. ಸೌಭಾಗ್ಯ ಅವರ ಮುಂದೆ ತಾನೂ ನೆಲಕ್ಕೆ ಕೂತಳು.

"ಅಮ್ಮಾ, ನಿನ್ನೆ ಸಂಜಿ ಒಂದೂವರಿ ತಾಸು ಆ ಬಾಜಾ ನಡದಿತ್ತಂತ. ದಿನಾ ಹಂಗೇ ಏನು?"

"ಒಂದೂವರಿ ತಾಸು ಅಂದ್ರ ನಾಕ್ ಮಗ್ಗಲಾ ಆತಲ್ಲ ಯವ್ವಾ," ಎಂದರು ಸುಂದ್ರಮ್ಮ. ಮಾತಿನಲ್ಲಿ ಜೀವವಿರಲಿಲ್ಲ. "ಅವರಿಗಿ ಮೊಣಕಾಲ ಬ್ಯಾನಿ. ಒಮ್ಮಿ ಕುಂತ್ರ ಏಳಂಗಿಲ್ಲ. ಒಂದು ಮಗ್ಗಲಾ ಮುಗದ್ರ ತಟ್ಟಿ ಹೊಳ್ಳಿಸಿ ಹಾಕಾಕ ನನಗೇ ಕರೀತಿದ್ರು. ಒಂದು ಮಗ್ಗಲಿಗಿ ನಂದು ಎಂಟು ರೊಟ್ಟಿ ಆಗ್ತಿದ್ವು. ಎಂಟು ಬಡದು ಕೈ ತೊಳಕೊಂಡು ಹೋಗೂದು, ಹೊಳ್ಳಿಸೂದು, ಬರೂದು."

"ನಡುವ ಬಾಜಾ ನಿಂದರ್ತಿತ್ತು?"

"ನಿಂದರಲಾರ್ದೆ? ಟಕ್ ಟಕ್ ಅಂತಿತ್ತು. ಓಣಿಗೆಲ್ಲಾ ಕೇಳ್ತಿತ್ತು."

ಸೌಭಾಗ್ಯ ಎದ್ದು ನಿಂತಳು. ಒಂದು ಮಗ್ಗಲಿಗೆ ಇಪ್ಪತ್ತು ನಿಮಿಷ. ನಿನ್ನೆ ತಟ್ಟೆ ಹೊಳ್ಳಿಸಲು ಮನೆಯಲ್ಲಿ ಸುಂದ್ರಮ್ಮ ಇರಲಿಲ್ಲ.

"ಅವರು ಏನರ ಬರಕೊಂತಿದ್ರೇನು?"

ಸುಂದ್ರಮ್ಮ ಹಾಸಿಗೆಯ ಕೆಳಗಿನಿಂದ ಒಂದು ಉದ್ದ ನೋಟ್‌ಬುಕ್ ತಂದರು. "ಕೇಳಿದ್ದು ಹ್ಯಾಂಗಿತ್ತು ಅಂತ ಬರೀತಿದ್ರು. ನನಗ ಓದಾಕ ಬರಂಗಿಲ್ಲ."

ಸೌಭಾಗ್ಯ ಪುಟ ತಿರುವಿದಳು.

"ನಂ. 37. ಮುಂಬೈ ಹೋಟೆಲ್ ಬ್ಯಾಂಡ್. ಡ್ರಮ್ಮಿನವನು ಸುಮ್ಮನಿದ್ದಾಗಲೇ ಚೆನ್ನ. ಎರಡನೇ ಮಗ್ಗಲು ಅವಸರದ್ದು, ಗಾಡಿ ತಪ್ಪಿಸಿಕೊಂಡವರ ಹಾಗೆ."

"ನಂ. 140. ಸ್ಯಾಕ್ಸೊಫೋನ್. ಕೃಷ್ಣಾ ಸೇತುವೆ ದಾಟುವಾಗಿನ ದನಿ. ತೌಹೀದ ಕಣ್ಣು ಒರೆಸಿಕೊಂಡ. ಏಕೆಂದು ನಾನು ಕೇಳಲಿಲ್ಲ."

"ಹಾಡುವವರ ರೆಕಾರ್ಡ್ ಒಂದು ಸಿಕ್ಕಿತ್ತು, ಕೊಳ್ಳಲಿಲ್ಲ. ಮಾತು ಬಂದರೆ ನನಗೆ ಸಂಗೀತ ಕೇಳುವುದಿಲ್ಲ."

ಹೋದ ತಿಂಗಳ ಪುಟದಲ್ಲಿ ಹನ್ನೊಂದು ನಂಬರುಗಳಿದ್ದವು. ಕೆಳಗೆ: "ತೌಹೀದನಿಗೆ ಕೇಳಲು ಕೊಟ್ಟೆ. ನಿಧಾನವಾಗಿ ತರಲಿ."

ಸೌಭಾಗ್ಯ ಆ ಸಾಲನ್ನು ಎರಡು ಸಲ ಓದಿದಳು. ಕೊನೆಯ ಪುಟಕ್ಕೆ ಬಂದಳು. ಸೋಮವಾರದ ತಾರೀಖು.

"ಪಿಂಚಣಿ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದೆ. ಸ್ಟೇಷನ್ ರಸ್ತೆಯ ಹೊಸ ಕೆಫೆಯ ಗೋಡೆಯಲ್ಲಿ ನನ್ನ 212. ನಡುವೆ ತೂತು ಕೊರೆದು ಗಡಿಯಾರ ಮಾಡಿದ್ದಾರೆ. ಮುಳ್ಳು ಓಡುತ್ತಿದೆ, ದನಿ ಇಲ್ಲ. ನಾಳೆ ಸುಂದ್ರಿ ಇಲ್ಲದಾಗ ಅವನನ್ನು ಕರೆದು ಕೇಳುತ್ತೇನೆ."

ಅವನು ಯಾರೆಂದು ಬರೆದಿರಲಿಲ್ಲ.

* * *

ಬಾಜಾ ನಡುವೆ ನಿಂತಿತ್ತೇ ಎಂದು ಸೌಭಾಗ್ಯ ಎದುರು ಮನೆಗೆ ಹೋಗಿ ಕೇಳಿದಳು. ಹಜರಾಬೀ ಕೊಡ ಕೆಳಗಿಟ್ಟರು.

"ನಡುವ ಒಮ್ಮೇನೂ ನಿಂದರ್ಲಿಲ್ಲರಿ. ನಾ ಹನ್ನೆರಡು ಕೊಡ ತುಂಬೀನಿ. ಒಂದರ ಹಿಂದ ಒಂದು ನಡದೇ ಇತ್ತು."

"ದಿನದಂಗೇ ಇತ್ತೇನು?"

ಹಜರಾಬೀ ಯೋಚಿಸಿದರು. "ಇಲ್ಲ ನೋಡ್ರಿ. ದಿನಾ ಬರೇ ಪೀಪಿ. ನಿನ್ನಿ ನಡುನಡುವ ಒಬ್ಬಾಕಿ ಹಾಡ್ಲಾಕತ್ತಿದ್ಳು. ಮುದುಕಗ ಇದೇನು ಹೊಸಾ ಶೌಕ್ ಅಂತ ಅನ್ಕೊಂಡೆ."

"ತೌಹೀದ ಹೊರಗ ಬಂದ ಮ್ಯಾಲ ಒಳಗ ಯಾರಿದ್ರು?"

"ಶರಣಕುಮಾರ ಒಬ್ಬನೇ. ಆಮ್ಯಾಲ ಹೊರಗ ಬಂದು ಬೈಕಿಗಿ ಹೆಲ್ಮೆಟ್ ಸಿಗಿಸಿದ. ಕೂಸಿನಂಗ ಎರಡೂ ಕೈಯಾಗ ಹಿಡಕೊಂಡು ತಂದ, ಮ್ಯಾಲ ವಸ್ತ್ರ ಮುಚ್ಚಿ. ಆಗ ಯಾರು ಅದನ್ನ ನೋಡ್ತಾರ್ರಿ, ಎಲ್ಲಾರೂ ತೌಹೀದಗ ಹಿಡದಿದ್ರು."

ಸೌಭಾಗ್ಯ ಗಡಿಯಾರ ನೋಡಿಕೊಂಡಳು. ಹನ್ನೆರಡೂವರೆ. ಜೀಪನ್ನು ಯಾದಗಿರಿ ರಸ್ತೆಗೆ ತಿರುಗಿಸಲು ಹೇಳಿದಳು.

ಕೆಫೆಯಲ್ಲಿ ನಾಲ್ಕು ಗಡಿಯಾರಗಳಿದ್ದವು. ನಾಲ್ಕೂ ರೆಕಾರ್ಡುಗಳೇ. ಒಂದನ್ನು ಕಾಯಿಸಿ ಹೂವಿನ ಹಾಗೆ ಬಗ್ಗಿಸಿದ್ದರು. ಸೌಭಾಗ್ಯ ಕುರ್ಚಿ ಹತ್ತಿ ನೋಡಿದಳು. ನಾಲ್ಕರ ಚೀಟಿಯ ಮೇಲೂ ಅದೇ ಕೈಬರಹದ ನಂಬರ್.

"ಇವು ಎಲ್ಲಿಂದ ಬಂದ್ವು?"

"ಶಹಾಪುರದ ಮೊಬೈಲ್ ಅಂಗಡಿ ಶರಣಕುಮಾರ ಮಾಡಿಸಿ ಕೊಡ್ತಾರರಿ," ಎಂದ ಮಾಲೀಕ. "ಸುರಪುರದಾಗ ಒಂದು ಹೋಟೆಲಿಗೂ ಕೊಟ್ಟಾರ. ಭಾಳ ಗಿರಾಕಿ ಅದ ಅಂದ್ರು."

* * *

ನಾಲ್ಕೂಕಾಲಿಗೆ ಸೌಭಾಗ್ಯ ಶರಣಕುಮಾರನ ಅಂಗಡಿಗೆ ಬಂದಳು. ಜೊತೆಗೆ ಇಬ್ಬರು ಪೇದೆಗಳು. ಶರಣಕುಮಾರ ಸ್ಟೂಲು ಸರಿಸಿದ.

"ಬರ್ರಿ ಮೇಡಂ. ಕಾಕಾನ ಹೆಣ ಯಾವಾಗ ಕೊಡ್ತಾರಂತ? ಮಣ್ಣು ಮಾಡ್ಬೇಕು."

"ನಿಮ್ಮ ಕಾಕಾ ಹಾಡುವವರ ರೆಕಾರ್ಡ್ ಇಡ್ತಿದ್ದಿಲ್ಲ. ನಿಮಗ ಗೊತ್ತೈತೇನು?"

"ನಾ ಅದನ್ನ ಕೇಳಿದಾವಲ್ಲರಿ."

"ಕೇಳಿದ್ರ ಸಿಕ್ಕಿ ಬೀಳ್ತಿದ್ದಿಲ್ಲ."

ಪೇದೆ ಗಾಜಿನ ಕಪಾಟಿನ ಹಿಂದಿನಿಂದ ಒಂದೊಂದೇ ಡಬ್ಬಿ ತೆರೆಯತೊಡಗಿದ. ಮೂರನೆಯದರಲ್ಲಿ ದುಂಡನೆಯ ಸ್ಪೀಕರ್ ಇತ್ತು, ಮೆಮೊರಿ ಕಾರ್ಡ್ ಹಾಕಿ ನುಡಿಸುವಂಥದ್ದು. ಸೌಭಾಗ್ಯ ಗುಂಡಿ ಒತ್ತಿದಳು. ಟ್ರಂಪೆಟ್ ಬಂತು. ಹಿಂದೆಯೇ ಒಬ್ಬ ಹೆಂಗಸಿನ ದನಿ.

ಶರಣಕುಮಾರ ಅದನ್ನೇ ನೋಡುತ್ತ ನಿಂತ.

ಅವಳ ಫೋನು ರಿಂಗಣಿಸಿತು. ಬೆರಳಚ್ಚಿನವರು. ಸೌಭಾಗ್ಯ ಕೇಳಿಸಿಕೊಂಡಳು, ಫೋನು ಇಟ್ಟಳು.

"ಸೂಗಪ್ಪನವರು ರೆಕಾರ್ಡನ್ನ ಅಂಚಿಗಿ ಹಿಡೀತಿದ್ರು. ತೌಹೀದಗೂ ಹಂಗೇ ಕಲಿಸಿದ್ರು. ನಿನ್ನೆ ಪ್ಲೇಯರ್ ಮ್ಯಾಲಿದ್ದ ರೆಕಾರ್ಡಿನ ನಡುವ, ನುಣುಪು ಜಾಗದಾಗ, ಒಂದು ಹೆಬ್ಬಟ್ಟು ಅದ. ಅದು ನಿಮ್ಮದು. ಒಂದೂ ಮುಟ್ಟಿಲ್ಲ ಅಂದಿದ್ರಿ."

ಅವಳು ಸ್ಪೀಕರನ್ನು ಕಪಾಟಿನ ಮೇಲಿಟ್ಟಳು. ಉಳಿದದ್ದನ್ನೂ ಹೇಳಿದಳು.

"ಹಿಂದಿನ ಸಾಲಿನಿಂದ ಒಂದೊಂದೇ ರೆಕಾರ್ಡ್ ಕದ್ದು ಗಡಿಯಾರ ಮಾಡಿಸಿದ್ರಿ. ಸೋಮವಾರ ಅವರು ಯಾದಗಿರಿಯಾಗ ನೋಡಿದ್ರು. ಮಂಗಳವಾರ ನಿಮಗ ಕರೆಸಿದ್ರು. ನೀವು ಮೂರರ ಮ್ಯಾಲ ಹೋದ್ರಿ. ಅಲ್ಲೇ ಹೊಡದ್ರಿ. ಇಸ್ತ್ರಿ ಪೆಟ್ಟಿಗಿ ಒರೆಸಿದ್ರಿ. ಆರಕ್ಕ ತೌಹೀದ ಬರ್ತಾನ ಅಂತ ನಿಮಗ ಗೊತ್ತಿತ್ತು. ಅಂಗಡಿಗಿ ಬಂದು, ಐದೂವರಿ ತನಕ ಸಾಲುವಷ್ಟು ಹಾಡು ತುಂಬಿ, ಈ ಸ್ಪೀಕರ್ ಒಯ್ದು ಹಚ್ಚಿದ್ರಿ. ಮನುಷ್ಯಾ ಬದುಕ್ಯಾನ ಅಂತ ಓಣಿ ತಿಳೀಲಿ ಅಂತ. ಪ್ಲೇಯರ್ ಮ್ಯಾಲ ಒಂದು ರೆಕಾರ್ಡನ್ನೂ ಇಟ್ರಿ. ನಾಕಕ್ಕ ಕ್ಯಾಮೆರಾದ ಮುಂದ ಬಂದು ಕುಂತ್ರಿ. ತೌಹೀದ ಫೋನ್ ಮಾಡಿದ ಕೂಡ್ಲೇ ಓಡಿ ಬಂದು, ಅವನ್ನ ಹೊರಗ ಹಾಕಿ, ಸ್ಪೀಕರ್ ಹೆಲ್ಮೆಟಿನ್ಯಾಗ ಇಟ್ಟು ತಂದ್ರಿ. ಆದ್ರ ರೆಕಾರ್ಡು ಇಪ್ಪತ್ತು ನಿಮಿಷಕ್ಕ ಮುಗೀತದ. ಹೊಳ್ಳಿಸಿ ಹಾಕಾಕ ಒಬ್ಬರು ಬೇಕು. ಅದು ನಿಮಗ ಗೊತ್ತಿದ್ದಿಲ್ಲ."

ಶರಣಕುಮಾರ ಸ್ಟೂಲಿನ ಮೇಲೆ ಕೂತ.

"ಯಾರೂ ಕೇಳದ ತಟ್ಟಿ ಅವು," ಎಂದ ಮೆಲ್ಲಗೆ. "ಧೂಳು ಹಿಡದು ಬಿದ್ದಿದ್ವು. ನಾ ಒಂದು ನಾಕು ತಗೊಂಡ್ರ ಏನಾತು ಅಂದೆ. ನಿನ್ನವ್ವಗ ಹೇಳ್ತೀನಿ, ಆಕಿ ಮುಂದ ನಿನ್ನ ನಿಂದ್ರಸ್ತೀನಿ ಅಂದ್ರು. ಹೊಳ್ಳಿ ಫೋನ್ ತಗೊಂಡ್ರು. ನಾ ಬರೇ ಆ ಫೋನ್ ನಿಂದ್ರಸಬೇಕಂತಿದ್ದೆ."

* * *

ಐದೂವರೆಗೆ ಮ್ಯಾಜಿಸ್ಟ್ರೇಟರ ಮುಂದೆ ನಿಂತವನು ಶರಣಕುಮಾರ. ತೌಹೀದನನ್ನು ಬಿಡಲು ಸೌಭಾಗ್ಯ ಅಲ್ಲೇ ಕಾಗದ ಕೊಟ್ಟಳು. ಹೊರಗೆ ಅವನು ಅರ್ಜುಮಂದಳ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದ. ಸೌಭಾಗ್ಯ ಎದುರಿಗೆ ಹೋದಳು.

"ತಪ್ಪಾತು ತೌಹೀದ."

ಅವನು ನಿಂತ.

"ಅವರು ಇದ್ದಿದ್ರ ನಿಮಗ ಬೈತಿದ್ರು," ಎಂದ. "ನನಗ ಬಯ್ಯಾಕ ಬರವಲ್ದು."

ಮರುದಿನ ಬೆಳಿಗ್ಗೆ ಸೂಗಪ್ಪನವರ ಮಣ್ಣಾಯಿತು. ಮಗ ಶರಣಕುಮಾರ ಠಾಣೆಯಲ್ಲಿರುವ ಸುದ್ದಿ ಸಗರದ ಬಸ್ಸಮ್ಮನಿಗೆ ಯಾರೂ ಹೇಳಿರಲಿಲ್ಲ. ಕಾಲು ಮುರಿದುಕೊಂಡು ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದ ಆಕೆ ಮಣ್ಣಿಗೂ ಬಂದಿರಲಿಲ್ಲ.

"ನಾನೇ ಹೇಳ್ಬೇಕು ಯವ್ವಾ," ಎಂದರು ಸುಂದ್ರಮ್ಮ. "ಬ್ಯಾರೆಯವರ ಬಾಯಿಂದ ಕೇಳಿದ್ರ ಆಕಿ ಉಳಿಯಂಗಿಲ್ಲ. ನೀ ಬರ್ತೇನು ನನ್ನ ಜೋಡಿ?"

ಸೌಭಾಗ್ಯ ಅವರನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದಳು.

ಬಸ್ಸಮ್ಮ ಪಡಸಾಲೆಯ ಹೊರಸಿನ ಮೇಲೆ ಒರಗಿದ್ದರು. ತಂಗಿಯನ್ನು ಕಂಡದ್ದೇ ಎರಡೂ ಕೈ ಚಾಚಿ ಅತ್ತರು. ಆಮೇಲೆ ಬಾಗಿಲಲ್ಲಿ ನಿಂತ ಸೌಭಾಗ್ಯಳ ಖಾಕಿ ನೋಡಿದರು.

"ಕೊಂದಾವ ಸಿಕ್ಕನೇನ್ರಿ?"

"ಸಿಕ್ಕಾನ," ಎಂದಳು ಸೌಭಾಗ್ಯ.

"ಬಿಡಬ್ಯಾಡ್ರಿ ಅವಗ," ಎಂದರು ಬಸ್ಸಮ್ಮ. ಕಣ್ಣೀರು ಒರೆಸಿಕೊಳ್ಳಲಿಲ್ಲ. "ನನ್ನ ತಂಗಿ ಹಣಿ ಕುಂಕುಮ ಅಳಿಸಿದಾನ. ಅವನ ಹಡದಾಕಿ ಹೊಟ್ಟಿಗಿ ಬೆಂಕಿ..."

ಸುಂದ್ರಮ್ಮ ಓಡಿ ಹೋಗಿ ಅಕ್ಕನ ಬಾಯಿಗೆ ಕೈ ಒತ್ತಿ ಹಿಡಿದರು.