ಎರಡು ಸೀಟಿನ ಸವತಿ

“ಆ ಹಿಡಿಕೆ ಮುಟ್ಟಿದ್ರೆ ನಿನ್ನ ಕೈ ಮುರಿದು ಹಾಕ್ತೀನಿ, ಹುಷಾರ್!”

ಅತ್ತೆಯ ಕೂಗಿಗೆ ಶೆಡ್ಡಿನ ತಗಡಿನ ಚಾವಣಿಯೇ ಅದುರಿದಂತಾಯಿತು. ಹಳೆಯ ಹಸಿರು ಕಾರಿನೊಳಗೆ ಬಗ್ಗಿ, ಎರಡು ಸೀಟುಗಳ ನಡುವಿನ ಹ್ಯಾಂಡ್‌ಬ್ರೇಕಿನ ಬುಡಕ್ಕೆ ಸ್ಪ್ಯಾನರ್ ಹಾಕಿದ್ದ ಸೊಸೆ, ಕದಿಯುವಾಗ ಸಿಕ್ಕಿಬಿದ್ದವಳಂತೆ ಹಾಗೆಯೇ ನಿಂತುಬಿಟ್ಟಳು. ಸ್ಪ್ಯಾನರ್ ಕೈಯಿಂದ ಜಾರಿ ಠಣ್ ಎಂದು ಕೆಳಗೆ ಬಿತ್ತು.

“ಬೇರೆ ಹಿಡಿಕೆ ಹಾಕಿಸೋಣ ಅಂತಿದ್ದೆ ಅತ್ತೆ... ಇದು ಹಳೇದು...”

“ಹಳೇದು! ನನ್ನ ಮಗ ಎಲ್ಲೆಲ್ಲೋ ಹುಡುಕಿ ತಂದು, ಲೇತ್ ಮೇಲಿಟ್ಟು ತಿದ್ದಿ ಹಾಕಿದ್ದು ಅದು. ಒಂದು ನಟ್ಟು ಕೂಡ ಬದಲಾಗ್ಬಾರ್ದು ಅಂದಿದೀನಿ. ಅವನನ್ನ ನುಂಗಿದ್ದು ಸಾಲ್ದಾ? ಅವನ ಕೈಕೆಲಸಾನೂ ಅಳಿಸ್ಬೇಕಾ ನಿಂಗೆ?”

ಅವನನ್ನು ನುಂಗಿದ್ದು! ವರ್ಷ ತುಂಬುತ್ತ ಬಂದಿದ್ದರೂ ಆ ಮಾತು ಆ ಮನೆಯಲ್ಲಿ ಹಳಸಿರಲಿಲ್ಲ. ಬೆಳಗಿನ ಕಾಫಿಯ ಜೊತೆ ಒಮ್ಮೆ, ಊಟದ ತಟ್ಟೆಯ ಮುಂದೆ ಒಮ್ಮೆ, ಅಕ್ಕಪಕ್ಕದವರು ಬಂದಾಗ ಮತ್ತೊಮ್ಮೆ. ಎಲುಬಿಲ್ಲದ ನಾಲಿಗೆಗೆ ದಣಿವು ಎಲ್ಲಿಯದು! ಸೊಸೆ ಸ್ಪ್ಯಾನರ್ ಎತ್ತಿಟ್ಟು, ತಲೆ ತಗ್ಗಿಸಿ ತನ್ನ ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಸೋಫಾ, ಬಸ್ಸು, ಕಾರುಗಳ ಸೀಟಿಗೆ ಕವರ್ ಹೊಲಿಯುವುದು ಅವಳ ಕಸುಬು. ಹಸಿರು ಕಾರಿನ ಸೀಟುಗಳಿಗೂ ಅವಳೇ ಕಂದು ಚರ್ಮ ಕತ್ತರಿಸಿದ್ದಳು. ಆ ಚರ್ಮದ ಮೇಲೆ ಎಷ್ಟು ಕಣ್ಣೀರು ಬಿದ್ದಿತ್ತೆಂದು ಸೂಜಿಗೆ ಮಾತ್ರ ಗೊತ್ತು.

ಅತ್ತೆ ಹುಟ್ಟಾ ಕೆಟ್ಟವರೇನಲ್ಲ, ಅದನ್ನೂ ಹೇಳಿಬಿಡಬೇಕು. ಗಂಡ ಹೋದ ಮೇಲೆ ಆಸ್ಪತ್ರೆಯ ಲಾಂಡ್ರಿಯಲ್ಲಿ ನಿಂತೇ ದುಡಿದು, ಮಂಡಿ ಸವೆಸಿಕೊಂಡು, ಇಬ್ಬರು ಗಂಡುಮಕ್ಕಳನ್ನು ದಡ ಮುಟ್ಟಿಸಿದ ಹೆಂಗಸು. ಆ ಮಂಡಿಯಿಂದಾಗಿ ಅವರಿಗೆ ಒಂದು ಅಭ್ಯಾಸ ಅಂಟಿಕೊಂಡಿತ್ತು. ಎಲ್ಲಿ ಕೂತರೂ ಏಳುವಾಗ ಕೈಗೆ ಸಿಕ್ಕಿದ್ದನ್ನು ಗಟ್ಟಿಯಾಗಿ ಹಿಡಿದು, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಏಳುವುದು. ಮೇಜಿನ ಅಂಚು, ಕಿಟಕಿಯ ಸರಳು, ಬಾಗಿಲ ಹಿಡಿ, ಯಾವುದಾದರೂ ಸರಿ. “ಅಮ್ಮ ಒಂದ್ಸಲ ಎದ್ರೆ ಮನೇಲಿ ಒಂದು ಸ್ಕ್ರೂ ಸಡಿಲ” ಎಂದು ದೊಡ್ಡ ಮಗ ನಗುತ್ತಿದ್ದ. ಅಮ್ಮನೂ ನಗುತ್ತಿದ್ದರು. ಆಗ ಆ ಮನೆಯಲ್ಲಿ ನಗು ಇತ್ತು.

ದೊಡ್ಡ ಮಗ ಲೇತ್ ಕೆಲಸಗಾರ. ಗುಜರಿಯ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರನ್ನು ಎಳೆದು ತಂದು, ಮನೆಯ ಹಿಂದಿನ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು, ಸಿಕ್ಕ ಸಿಕ್ಕ ರಜೆಯನ್ನೆಲ್ಲ ಅದಕ್ಕೇ ಸುರಿದಿದ್ದ. “ಇವಳು ನನ್ನ ಸವತಿ” ಎಂದು ಹೆಂಡತಿ ಛೇಡಿಸುತ್ತಿದ್ದಳು. ಛೇಡಿಸುತ್ತಲೇ ಸವತಿಯ ಸೇವೆಗೂ ನಿಲ್ಲುತ್ತಿದ್ದಳು. ಶೆಡ್ಡಿನ ನೆಲ ಬಾಗಿಲ ಕಡೆಗೆ ಇಳಿಜಾರು. ಮುಂಭಾಗವನ್ನು ಜಾಕಿನಿಂದ ಎತ್ತುವ ಮೊದಲು ಹಿಂದಿನ ಚಕ್ರಗಳಿಗೆ ಕಲ್ಲು ಕೊಡುವುದು ಅವಳ ಪಾಲಿನ ಕೆಲಸ. ಬ್ರೇಕಿನ ಕೊಳವೆಯಲ್ಲಿ ಸೇರಿದ ಗಾಳಿ ತೆಗೆಯುವಾಗ ಸೀಟಿನಲ್ಲಿ ಕೂತು ಪೆಡಲ್ ತುಳಿಯುವುದೂ ಅವಳದೇ. ಅದು ಒಬ್ಬರಿಂದ ಆಗುವ ಕೆಲಸವಲ್ಲ. ಕೆಳಗಿನಿಂದ ಅವನು “ಒತ್ತು” ಎನ್ನಬೇಕು, ಮೇಲಿನಿಂದ ಅವಳು “ಒತ್ತಿದೆ” ಎನ್ನಬೇಕು. ಅವನು ತಿರುಪು ಸಡಿಲಿಸಿ, ಗುಳ್ಳೆಗುಳ್ಳೆಯಾಗಿ ಎಣ್ಣೆ ಬಂದ ಮೇಲೆ ಬಿಗಿದು “ಬಿಡು” ಎಂದರೆ ಅವಳು “ಬಿಟ್ಟೆ” ಎನ್ನಬೇಕು. ಗಂಡಹೆಂಡಿರ ಆ ಸವಾಲು ಜವಾಬು ಬೀದಿಯವರೆಗೂ ಕೇಳುತ್ತಿತ್ತು.

ಅವತ್ತು ಅವಳು ಹೊಲಿದು ಮುಗಿಸಿದ ಸೋಫಾ ಕವರುಗಳನ್ನು ಕೊಟ್ಟು ಬರಲು ಹೋಗಿದ್ದಳು. ಅವನಿಗೆ ತಡೆಯಲಾಗಲಿಲ್ಲ. “ಬಾಮ್ಮ, ಒಂದು ನಿಮಿಷದ ಕೆಲಸ” ಎಂದು ತಾಯಿಯನ್ನು ಸೀಟಿನಲ್ಲಿ ಕೂರಿಸಿದ. ಚಕ್ರಕ್ಕೆ ಕಲ್ಲು ಕೊಡುವುದು ಅವನ ಕೆಲಸವಾಗಿರಲಿಲ್ಲವಲ್ಲ, ಮರೆತ. ಗಾಳಿ ತೆಗೆದದ್ದಾಯಿತು. “ಆಯ್ತಮ್ಮ, ಇಳಿ” ಎಂದ, ಇನ್ನೂ ಕೆಳಗೇ ಮಲಗಿ ಎಣ್ಣೆ ಒರೆಸುತ್ತ. ಮರುಕ್ಷಣ ಕಾರು ಹಿಂದಕ್ಕೆ ಸರಿಯಿತು, ಜಾಕು ಮಗುಚಿತು... ಅತ್ತೆ ಹೇಗೋ ಹೊರಬಿದ್ದು, “ಯಾರಾದ್ರೂ ಬನ್ರೋ!” ಎಂದು ಅರಚುತ್ತ ಬೀದಿಗೆ ಓಡಿದರು.

ಆ ಹೊತ್ತಿಗೇ ಹಿತ್ತಲ ಕಡೆಯಿಂದ ಬಂದ ಸೊಸೆ ಶೆಡ್ಡಿನೊಳಗೆ ನುಗ್ಗಿದಳು. ಮೊದಲು ಕಂಡದ್ದು ಗಂಡನ ಮುಖ. ಆಮೇಲೆ ಕಂಡದ್ದು, ಕಾರಿನ ತೆರೆದ ಬಾಗಿಲಿನೊಳಗೆ ಕೆಳಗೆ ಮಲಗಿದ್ದ ಹ್ಯಾಂಡ್‌ಬ್ರೇಕಿನ ಹಿಡಿಕೆ. ಕಲ್ಲಿಲ್ಲದ ಕಾರನ್ನು ತಡೆದು ನಿಲ್ಲಿಸಿದ್ದದ್ದು ಅದೊಂದೇ.

ಬೇರೆ ಕಾರುಗಳಲ್ಲಿ ತುದಿಯ ಗುಂಡಿ ಒತ್ತಿದರೆ ಮಾತ್ರ ಹ್ಯಾಂಡ್‌ಬ್ರೇಕ್ ಬಿಡುತ್ತದೆ. ಈ ಕಾರಿನದು ಉಲ್ಟಾ. ಗುಂಡಿ ಒತ್ತಿ ಎಳೆದರೆ ಹಿಡಿಯುತ್ತದೆ. ಗುಂಡಿ ಮುಟ್ಟದೆ ಸುಮ್ಮನೆ ಎಳೆದು ಕೈಬಿಟ್ಟರೆ ಬಿಟ್ಟೇಹೋಗುತ್ತದೆ. ಪಂದ್ಯದಲ್ಲಿ ಥಟ್ಟನೆ ಹೊರಡಲಿ ಎಂದು ಯಾರೋ ಪುಣ್ಯಾತ್ಮರು ಹಾಗೆ ಮಾಡಿಟ್ಟಿದ್ದರಂತೆ! ಅದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಗಂಡ ಮತ್ತು ಹೆಂಡತಿ. ನೆಲಮಟ್ಟದ ಆ ಸೀಟಿನಿಂದ ಏಳಲು ಅತ್ತೆಗೆ ಕೈಗೆ ಸಿಕ್ಕಿದ್ದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅವನಿಗೂ ಗೊತ್ತಾಗಿತ್ತು. ಹಿಡಿಕೆಯ ಸದ್ದು ಕೇಳಿಸಿತ್ತು. ತುಟಿ ಅಲುಗಿತು. ಅವಳು ಕಿವಿಯಿಟ್ಟಳು.

“ಅಮ್ಮಂಗೆ... ಹೇಳ್ಬೇಡ...”

ಅಷ್ಟೇ. ಅಷ್ಟೇ ಅವನ ಕೊನೆಯ ಮಾತು! ಬೀದಿಯಲ್ಲಿ ಓಡಿಬರುವವರ ಹೆಜ್ಜೆ ಕೇಳಿದಾಗ ಅವಳು ಅಳುವುದನ್ನೂ ಮರೆತು, ಕೈ ಚಾಚಿ, ಗುಂಡಿ ಒತ್ತಿ, ಆ ಹಿಡಿಕೆಯನ್ನು ಮತ್ತೆ ಮೇಲಕ್ಕೆಳೆದು ನಿಲ್ಲಿಸಿದಳು. ಬಂದವರೆಲ್ಲ ಜಾಕು ಜಾರಿತು ಎಂದರು. ಕಲ್ಲು ಕೊಟ್ಟಿರಲಿಲ್ಲ ಎಂದರು. ಕಲ್ಲು ಕೊಡುವವಳು ಮನೆಯಲ್ಲಿರಲಿಲ್ಲ ಎಂದು ಅತ್ತೆ ಎದೆ ಬಡಿದುಕೊಂಡರು. ಸೊಸೆ ಬಾಯಿ ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳಿಗೆ ಗಂಡ ಬಿಟ್ಟುಹೋದ ಮುತ್ತು ಅದೊಂದೇ ಆಗಿತ್ತು.

ಮಗ ಅರ್ಧಕ್ಕೆ ಬಿಟ್ಟದ್ದು ಪೂರ್ತಿಯಾಗಲೇಬೇಕೆಂದು ಅತ್ತೆ ಹಟ ಹಿಡಿದರು. ಲಾರಿ ಓಡಿಸುವ ಚಿಕ್ಕ ಮಗ, ಅಂದರೆ ಸೊಸೆಯ ಮೈದುನ, ಸಂಜೆಗಳಲ್ಲಿ ಕೆಲಸಕ್ಕಿಳಿದ. ತುಕ್ಕು ಉಜ್ಜಿದ್ದಾಯಿತು, ಬಣ್ಣ ಹೊಡೆದದ್ದಾಯಿತು, ಎಂಜಿನ್ ಒಂದು ದಿನ ಕೆಮ್ಮಿ ಉಸಿರಾಡಿತು. ಉಳಿದದ್ದು ಬ್ರೇಕ್. ಅದರ ಗಾಳಿ ತೆಗೆಯುವ ದಿನ ಹತ್ತಿರ ಬಂದಂತೆಲ್ಲ, ಅತ್ತೆ ಮತ್ತೆ ಆ ಸೀಟಿನಲ್ಲಿ ಕೂತರೆ ಎಂಬ ಭಯ ಸೊಸೆಗೆ ಹೆಚ್ಚಿತು. ಆ ಹಿಡಿಕೆಯನ್ನೇ ಬದಲಾಯಿಸಿಬಿಡೋಣವೆಂದು ಹೊರಟಿದ್ದು, ಸಿಕ್ಕಿಬಿದ್ದು, ಬೈಸಿಕೊಂಡದ್ದು ಅದಕ್ಕೇ.

ಗಾಳಿ ತೆಗೆಯುವ ಭಾನುವಾರ ಅವಳು ಬೆಳಗಿನಿಂದಲೇ ಶೆಡ್ಡಿನಲ್ಲಿದ್ದಳು. ಹಿಂದಿನ ಚಕ್ರಗಳಿಗೆ ದೊಡ್ಡ ಕಲ್ಲುಗಳನ್ನು ತಾನೇ ಹೊತ್ತು ತಂದು ಕೊಟ್ಟಳು. ಮೈದುನ ಮುಂಭಾಗವನ್ನು ಜಾಕಿನಿಂದ ಎತ್ತಿದ. ಅತ್ತೆ ಬಂದರು.

“ಪಕ್ಕಕ್ಕೆ ಸರಿ. ನಾನು ಕೂರ್ತೀನಿ.”

“ಬೇಡ ಅತ್ತೆ, ನಾನು ಕೂರ್ತೀನಿ. ನಿಮ್ಮ ಮಂಡಿ...”

“ಅವತ್ತು ಕೂರ್ಬೇಕಿತ್ತು ನೀನು! ಅವತ್ತು ಸೋಫಾ ಕವರ್ ಹೆಚ್ಚಾಗಿತ್ತಲ್ಲ! ನನ್ನ ಮಗ ಕೊನೇದಾಗಿ ನನ್ನ ಜೊತೆ ಮಾಡಿದ ಕೆಲಸ ಇದು. ಇದನ್ನ ನಾನೇ ಮುಗಿಸ್ತೀನಿ. ನೀನು ಯಾವಳೇ ಅಡ್ಡ ಬರೋಕೆ?”

“ಬಿಡಿ ಅತ್ತಿಗೆ,” ಮೈದುನ ಮೆಲ್ಲಗೆ ಹೇಳಿದ. “ಅಮ್ಮಂಗೂ ಸಮಾಧಾನ ಆಗ್ಲಿ.”

ಅತ್ತೆ ಕೂತರು, ಮೈದುನ ಕಾರಿನಡಿ ಮಲಗಿದ. ಕೆಳಗಿನಿಂದ “ಒತ್ತಮ್ಮ”, ಮೇಲಿನಿಂದ “ಒತ್ತಿದೆ ಕಣಪ್ಪ”. “ಬಿಡು.” “ಬಿಟ್ಟೆ.” ಸೊಸೆ ಕಲ್ಲುಗಳನ್ನು ಕಾಲಿನಿಂದ ಮತ್ತೊಮ್ಮೆ ಒತ್ತಿ ನೋಡಿದಳು. ಕೊನೆಗೆ ಕೆಳಗಿನಿಂದ ಅವತ್ತಿನದೇ ಮಾತು, ಅಣ್ಣನಂಥದೇ ದನಿ:

“ಆಯ್ತಮ್ಮ, ಇಳಿ.”

“ಬೇಡ!” ಸೊಸೆ ಕಿರುಚಿದಳು. “ಮೊದಲು ನೀನು ಹೊರಗೆ ಬಾ! ಬಾ ಅಂದೆನಲ್ಲ!”

ಬೆಚ್ಚಿಬಿದ್ದ ಮೈದುನ ತೆವಳಿಕೊಂಡು ಹೊರಬಂದ. ಅವಳು ಸುತ್ತಿ ಬಂದು ಅತ್ತೆಗೆ ಎರಡೂ ಕೈ ಚಾಚಿದಳು. “ಅತ್ತೆ, ನನ್ನ ಕೈ ಹಿಡ್ಕೊಳ್ಳಿ. ದಮ್ಮಯ್ಯ, ನನ್ನ ಕೈ ಹಿಡ್ಕೊಳ್ಳಿ!”

“ತೆಗಿ ಕೈ! ನಾನೇನು ಉಳಿದಿರೋ ಒಬ್ಬ ಮಗನ್ನೂ ತಿಂದ್ಬಿಡ್ತೀನಾ?”

ಆ ಕೈಗಳನ್ನು ಪಟಾರನೆ ತಳ್ಳಿ, ಅತ್ತೆ ಪಕ್ಕದಲ್ಲಿದ್ದದ್ದನ್ನು ಹಿಡಿದರು. ಮೈಭಾರ ಹಾಕಿ ಎಳೆದುಕೊಂಡು ಅರ್ಧ ಎದ್ದರು. ಕೈಬಿಟ್ಟರು.

ಟಕ್.

ಹಿಡಿಕೆ ಮಲಗಿತು. ಕಾರು ಒಂದು ಬೆರಳಷ್ಟು ಹಿಂದೆ ಸರಿದು ಕಲ್ಲಿಗೆ ಗುದ್ದಿ ನಿಂತಿತು. ಮುಂದೆ ಜಾಕು ಕಿರುಗುಟ್ಟುತ್ತ ಓರೆಯಾಯಿತು. ಅತ್ತೆ ಧೊಪ್ಪನೆ ಸೀಟಿಗೆ ಬಿದ್ದರು.

ಮೈದುನ ಹಿಡಿಕೆಯನ್ನೇ ನೋಡಿದ. “ಗುಂಡಿ ಒತ್ತಿದ್ಯೇನಮ್ಮ?”

“ಇಲ್ವಲ್ಲೋ... ಬರೀ ಹಿಡ್ಕೊಂಡೆ...” ಅತ್ತೆಯ ದನಿ ಸಣ್ಣದಾಯಿತು. “ಈ ಸದ್ದು... ಅವತ್ತೂ... ಅವತ್ತೂ ಇದೇ ಸದ್ದು ಕಣೋ...”

ತಮ್ಮ ಬಲಗೈಯನ್ನು ಎತ್ತಿ ನೋಡಿಕೊಂಡರು. ಯಾರದೋ ಕೈಯನ್ನು ನೋಡುವಂತೆ ನೋಡಿದರು.

“ಅವತ್ತು ಈ ಹಿಡಿಕೆಗೆ ಕೇಬಲ್ಲೇ ಹಾಕಿರ್ಲಿಲ್ಲ ಅತ್ತೆ!” ಸೊಸೆ ಗಾಬರಿಯಿಂದ ಬಡಬಡಿಸಿದಳು. “ಅವತ್ತು ಜಾಕೇ ಜಾರಿದ್ದು. ಕಲ್ಲಿರ್ಲಿಲ್ಲ. ನಾನು ಮನೇಲಿರ್ಬೇಕಿತ್ತು, ತಪ್ಪು ನಂದೇ... ನೀವೇ ದಿನಾ ಹೇಳ್ತೀರಲ್ಲ, ನಂದೇ ತಪ್ಪು ಅತ್ತೆ...”

“ಸುಳ್ಳು ಹೇಳ್ಬೇಡ.” ಅತ್ತೆ ಕೂಗಲಿಲ್ಲ. ಅವರು ಕೂಗದೆ ಮಾತಾಡಿದ್ದನ್ನು ಸೊಸೆ ಆ ವರ್ಷದಲ್ಲೇ ಕೇಳಿರಲಿಲ್ಲ. “ಈ ಹಿಡಿಕೆ ಬದಲಾಯ್ಸೋಕೆ ಬಂದಿದ್ದೆ ನೀನು. ನಿಂಗೆ ಗೊತ್ತಿತ್ತು. ಮೊದ್ಲಿಂದ್ಲೂ ಗೊತ್ತಿತ್ತು. ವರ್ಷಪೂರ್ತಿ ನಾಯಿಗೆ ಬೈದ ಹಾಗೆ ಬೈದೆನಲ್ಲೇ ನಿನ್ನ! ಒಂದ್ಸಲ... ಒಂದೇ ಒಂದ್ಸಲ ತಿರುಗಿಸಿ ಹೇಳ್ಬಾರ್ದಿತ್ತಾ, ಕೊಂದೋಳು ನೀನೇ ಮುದುಕಿ ಅಂತ?”

“ಹೇಗೆ ಹೇಳ್ಲಿ ಅತ್ತೆ?”

“ಯಾಕೆ? ಯಾರು ಕಟ್ಟಿಹಾಕಿದ್ರು ನಿನ್ನ ಬಾಯಿನ?”

ಮಗ ಕೊನೆಗೆ ಒಂದು ಮಾತೂ ಆಡದೆ ಹೋದನಲ್ಲ ಎಂದು ಅತ್ತೆ ಎಷ್ಟು ಸಲ ಗೋಳಾಡಿರಲಿಲ್ಲ! ಅವನ ಮಾತಿಗಾಗಿ ಹಂಬಲಿಸುತ್ತಿದ್ದ ತಾಯಿಗೆ ಅದನ್ನು ಕೊಡಲಾಗದೆ ಸೊಸೆ ಒಳಗೊಳಗೇ ಎಷ್ಟು ಬೆಂದಿರಲಿಲ್ಲ! ಈಗ ಬಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಕಾರಿನ ಪಕ್ಕ ನೆಲದ ಮೇಲೆ ಕುಸಿದು ಕೂತಳು.

“ಅವರೇ, ಅತ್ತೆ. ಜೀವ ಇತ್ತು, ನಾನು ಬಂದಾಗ. ಒಂದೇ ಮಾತು ಹೇಳಿದ್ರು... ಅಮ್ಮಂಗೆ ಹೇಳ್ಬೇಡ ಅಂತ.”

ಅತ್ತೆ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಮಗ ತಿದ್ದಿ ನಿಲ್ಲಿಸಿದ ಸ್ಟೀರಿಂಗಿನ ಮುಂದೆ, ಸೊಸೆ ಹೊಲಿದ ಸೀಟಿನಲ್ಲಿ, ಮಲಗಿದ ಹಿಡಿಕೆಯ ಪಕ್ಕ ಕೂತೇ ಇದ್ದರು. ಮೈದುನ ಗೋಡೆಗೆ ಮುಖಮಾಡಿ ಬಿಕ್ಕುತ್ತಿದ್ದ. ಬಿಸಿಲು ಬಾಗಿಲಿನಿಂದ ಒಳಬಂದು ಕಾರಿನ ಹೊಸ ಹಸಿರಿನ ಮೇಲೆ ಹರಿದು ಹೋಯಿತು.

ಕೊನೆಗೆ ಸೊಸೆ ಎದ್ದು ಮತ್ತೆ ಕೈ ಚಾಚಿದಳು. “ಏಳಿ ಅತ್ತೆ. ಒಳಗೆ ಹೋಗೋಣ.”

“ಮುಟ್ಬೇಡ ಕಣೇ. ಈ ಕೈಯನ್ನ ನೀನು ಮುಟ್ಬೇಡ...”

ಸೊಸೆ ಕೇಳಲಿಲ್ಲ. ಆ ಕೈಯನ್ನೇ ಹಿಡಿದಳು, ಇನ್ನೊಂದು ತೋಳನ್ನು ಬೆನ್ನಿಗೆ ಕೊಟ್ಟಳು, ಮಗುವನ್ನು ಎತ್ತುವಂತೆ ಎಬ್ಬಿಸಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ ಜನ. ಇಂಥ ಕಾಲ ಯಾವ ಸೊಸೆಗೂ ಬೇಡ!

ಹಸಿರು ಕಾರು ಪೂರ್ತಿಯಾಯಿತು. ಈಗಲೂ ಮೈದುನ ಆಗಾಗ ಅದನ್ನು ಬೀದಿಯ ಕೊನೆಯವರೆಗೆ ಓಡಿಸಿ ತಂದು, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸುತ್ತಾನೆ. ಪಕ್ಕದ ಸೀಟಿನಲ್ಲಿ ಯಾರೂ ಕೂರುವುದಿಲ್ಲ. ಆ ಮನೆಯಲ್ಲಿ ಬೈಗುಳ ನಿಂತುಹೋಗಿದೆ, ಮಾತೂ ಹೆಚ್ಚುಕಡಿಮೆ ನಿಂತುಹೋಗಿದೆ. ಅಂದಿನಿಂದ ಅತ್ತೆ ಏಳುವುದಕ್ಕೆ ಏನನ್ನೂ ಹಿಡಿದುಕೊಂಡಿಲ್ಲ. ಮೇಜಿನ ಅಂಚು ಹತ್ತಿರವೇ ಇದ್ದರೂ, ಕಿಟಕಿಯ ಸರಳು ಕೈಗೆಟುಕುವಂತಿದ್ದರೂ, ಬಲಗೈಯನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕಾಯುತ್ತ ಕೂತಿರುತ್ತಾರೆ. ಹೊಲಿಗೆ ಯಂತ್ರದ ಸದ್ದು ನಿಂತು ಸೊಸೆ ಬಂದು ಎಬ್ಬಿಸಿದರೆ ಏಳುತ್ತಾರೆ.